ಎಷ್ಟು ಕಿಲೋಮೀಟರ್ ಬಂತು?

ಅಪ್ಪ ಫೋನಿನಲ್ಲಿ ಮೊದಲು ಕೇಳುತ್ತಿದ್ದದ್ದು ಊಟದ ವಿಷಯ, ಆಮೇಲೆ ಟೈರಿನ ವಿಷಯ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಓದುತ್ತಿದ್ದ ಎರಡು ವರ್ಷ ನಾನು ಕೈಖರ್ಚಿಗೆಂದು ವಾರಕ್ಕೆ ಮೂರು ದಿನ ಒಂದು ಟೈರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಅಪ್ಪ ಶಿರಾ ದಾಟಿ ಹಿರಿಯೂರಿನ ಕಡೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಲಾರಿ ಟೈರುಗಳನ್ನು ರೀಟ್ರೆಡ್ ಮಾಡುವ ಅಂಗಡಿಯನ್ನು ಮೂವತ್ತು ವರ್ಷ ನಡೆಸಿದವರು. ಮಗ ಅಷ್ಟು ದೂರ ಹೋಗಿಯೂ ಟೈರನ್ನೇ ಉರುಳಿಸುತ್ತಿದ್ದಾನೆ ಎಂಬುದು ಅವರಿಗೆ ನಗು ತರಿಸುತ್ತಿತ್ತು. ಒಳಗೊಳಗೇ ಸ್ವಲ್ಪ ಸಮಾಧಾನವೂ ಇತ್ತು ಅಂತ ಕಾಣುತ್ತದೆ.

2018ರ ಏಪ್ರಿಲ್‌ನಲ್ಲಿ ಒಂದು ದಿನ ಅಂಗಡಿಗೆ ಪೋರ್ಷೆ 911 ಜಿಟಿ3 ಬಂತು. ಸ್ಟುಟ್‌ಗಾರ್ಟ್ ಪೋರ್ಷೆಯ ಊರೇ ಆದ್ದರಿಂದ ಅದರಲ್ಲಿ ವಿಶೇಷವೇನೂ ಇಲ್ಲ. ಆ ಊರಿನಲ್ಲಿ ಅಕ್ಟೋಬರಿನಿಂದ ಈಸ್ಟರ್‌ವರೆಗೆ ಚಳಿಗಾಲದ ಟೈರು, ಆಮೇಲೆ ಬೇಸಿಗೆಯದು ಎಂಬ ಲೆಕ್ಕ. ಇಂಥ ಕಾರುಗಳು ಚಳಿಗಾಲವಿಡೀ ಮುಸುಕು ಹೊದ್ದು ಮಲಗಿ ವಸಂತದಲ್ಲಿ ಏಳುತ್ತವೆ. ಹಿಂದಿನ ಎರಡು ಟೈರು ಬಿಚ್ಚಿದೆ. 305 ಮಿಲಿಮೀಟರ್ ಅಗಲದವು, ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2. ಒಳ ಅಂಚು ಬೋಳಾಗಿ ನುಣ್ಣಗೆ ಹೊಳೆಯುತ್ತಿತ್ತು. ಹೊರ ಅಂಚಿನಲ್ಲಿ ಮಾತ್ರ ಒಂದಿಷ್ಟು ಗೀರು ಉಳಿದಿತ್ತು. ಕಾರ್ಡಿನಲ್ಲಿ ಬರೆದದ್ದು: ಹಾಕಿಸಿ ಒಂದು ವರ್ಷ, ಓಡಿದ್ದು 7,400 ಕಿಲೋಮೀಟರ್.

ಆ ರಾತ್ರಿ ಅಪ್ಪನಿಗೆ ಹೇಳಿದೆ. ಎರಡು ಟೈರಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿಯೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಒಂದೇ ಒಂದು ಪದ: "ಪಾಪ."

ಕನ್ನಡದಲ್ಲಿ ಈ ಪದಕ್ಕೆ ಇರುವ ಎರಡು ಮುಖ ನಿಮಗೆ ಗೊತ್ತೇ ಇದೆ. ಅಯ್ಯೋ ಪಾಪ ಎಂದರೆ ಮರುಕ, ಪಾಪದ ಕೆಲಸ ಎಂದರೆ ತಪ್ಪು. ಅಪ್ಪ ಟೈರಿಗೆ ಮರುಗಿದರೋ, ಕಾರಿನವನ ಮೇಲೆ ತೀರ್ಪು ಕೊಟ್ಟರೋ ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಆದರೆ ಅಂದಿನಿಂದ ಆ ಪದ ನನ್ನ ತಲೆಯೊಳಗೆ ಕೂತಿದೆ. ಒಂದು ವಸ್ತು ಬೇಗ ಸವೆದರೆ ಅದು ತಪ್ಪೇ? ಬಹಳ ಕಾಲ ಬಾಳಿದರೆ ಅದಷ್ಟಕ್ಕೇ ಒಳ್ಳೆಯದೇ?

ಅಪ್ಪನ ಕಡೆಯಿಂದ ನೋಡಿದರೆ ಉತ್ತರ ಸುಲಭ. ಲಾರಿ ಟೈರಿಗೆ ಒಂದೇ ಜನ್ಮವಲ್ಲ. ಮೇಲಿನ ಪದರ ಸವೆದ ಮೇಲೆ ಅದನ್ನು ಉಜ್ಜಿ, ಒಳಮೈ ಪರೀಕ್ಷಿಸಿ, ಹೊಸ ಪದರ ಅಂಟಿಸಿ, ಬಿಸಿ ಮತ್ತು ಒತ್ತಡದಲ್ಲಿ ಬೇಯಿಸಿದರೆ ಮತ್ತೆ ಓಡುತ್ತದೆ. ಒಳ್ಳೆಯ ಕೇಸಿಂಗ್ ಆದರೆ ಎರಡು ಸಲ, ಮೂರು ಸಲವೂ ಹೀಗೆ ಮಾಡಬಹುದು. ವಿಮಾನದ ಟೈರುಗಳಿಗೂ ಹೀಗೆಯೇ ಹಲವು ಸಲ ಹೊಸ ಪದರ ಹಾಕುತ್ತಾರೆ ಎಂದು ನಾನು ಓದಿ ಹೇಳಿದ ದಿನ ಅಪ್ಪನ ಮುಖ ನೋಡಬೇಕಿತ್ತು. ಒಂದು ತಿಂಗಳು ಬಂದವರಿಗೆಲ್ಲ ಅದನ್ನೇ ಹೇಳಿದರು. ಅವರ ಪ್ರಕಾರ ಟೈರು ಎಂದರೆ ಆಯಸ್ಸು. ಆಯಸ್ಸು ಮುಗಿಯುವ ಮೊದಲೇ ಎಸೆದರೆ ಅನ್ನ ಚೆಲ್ಲಿದಂತೆ.

ಸ್ಪೋರ್ಟ್ಸ್ ಕಾರಿನ ಟೈರು ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಅದರ ಬದಿಯಲ್ಲಿ ಅಮೆರಿಕದ ನಿಯಮದಂತೆ ಒಂದು ಸಂಖ್ಯೆ ಒತ್ತಿರುತ್ತಾರೆ, ಟ್ರೆಡ್‌ವೇರ್ ಎಂದು. ಟೆಕ್ಸಸ್‌ನ ಸ್ಯಾನ್ ಏಂಜೆಲೊ ಬಳಿಯ ಹೆದ್ದಾರಿಯ ಸುತ್ತಿನಲ್ಲಿ ಒಂದು ಮಾದರಿ ಟೈರಿನ ಜೊತೆ 7,200 ಮೈಲಿ ಓಡಿಸಿ ಸವೆತ ಅಳೆಯುತ್ತಾರೆ. ಮಾದರಿಗೆ 100 ಎಂದಿಟ್ಟುಕೊಂಡರೆ ಅದರ ಎರಡರಷ್ಟು ಬಾಳುವುದಕ್ಕೆ 200. ಮನೆಮಂದಿ ಓಡಾಡುವ ಸಾಧಾರಣ ಕಾರಿನ ಟೈರಿನಲ್ಲಿ 400, 500 ಇರುವುದು ಮಾಮೂಲು. ನಾನು ಅಂದು ಬಿಚ್ಚಿದ ಟೈರಿನಲ್ಲಿ ಇದ್ದದ್ದು 180. (ಈ ಅಂಕಿಯನ್ನು ಕೊಡುವವರು ತಯಾರಕರೇ. ಹಾಗಾಗಿ ಒಂದು ಕಂಪನಿಯ 300ನ್ನು ಇನ್ನೊಂದರ 300ರ ಜೊತೆ ತೂಗುವುದು ಅಷ್ಟು ಸರಿಯಲ್ಲ. ಅವರವರ ತಕ್ಕಡಿ ಅವರವರದು.) ಇನ್ನು ಕಿಲೋಮೀಟರ್ ಲೆಕ್ಕ. ಇಂಥ ಕಾರಿನ ಹಿಂದಿನ ಟೈರು ರಸ್ತೆಯಲ್ಲಿ ಎಂಟು ಹತ್ತು ಸಾವಿರ ಬಂದರೆ ಅಂಗಡಿಯಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ. ರೇಸ್ ಟ್ರ್ಯಾಕಿಗೆ ಒಯ್ದವರು ಎರಡು ಮೂರು ದಿನದಲ್ಲೇ ಮುಗಿಸಿಕೊಂಡು ಬರುತ್ತಿದ್ದರು.

ಇದು ಕಳಪೆ ಮಾಲಿನ ಲಕ್ಷಣವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ನಾನು ಇದನ್ನು ಅಪ್ಪನಿಗೆ ವಿವರಿಸಿದ್ದು ಬಳಪದ ಮೂಲಕ. ಸ್ಲೇಟಿನ ಮೇಲೆ ಬಳಪ ಬರೆಯುತ್ತದೆ, ಏಕೆಂದರೆ ಅದು ಸವೆಯುತ್ತದೆ. ಕೆಲವು ಬಳಪಗಳು ಕಲ್ಲಿನಂತೆ ಗಟ್ಟಿ. ವರ್ಷವಿಡೀ ಬಾಳುತ್ತವೆ, ಆದರೆ ಅಕ್ಷರ ಮೂಡುವುದಿಲ್ಲ, ಕಿರ್ ಎಂದು ಗೀರು ಬೀಳುತ್ತದೆ ಅಷ್ಟೆ. ರಬ್ಬರೂ ಹೆಚ್ಚುಕಡಿಮೆ ಹಾಗೆಯೇ. ಡಾಂಬರು ನಮ್ಮ ಕಣ್ಣಿಗೆ ನುಣುಪು, ಹತ್ತಿರದಿಂದ ನೋಡಿದರೆ ಬೆಟ್ಟ ಕಣಿವೆ. ಮೆದು ರಬ್ಬರು ಆ ಕಣಿವೆಗಳೊಳಗೆ ಇಳಿದು, ಒತ್ತಿ, ಬಿಡಿಸಿಕೊಂಡು ಮತ್ತೆ ಮೇಲೆ ಬರುತ್ತದೆ. ಆ ಇಳಿಯುವ ಏಳುವ ಕ್ರಿಯೆಯಲ್ಲಿ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಹಿಡಿತ ಹುಟ್ಟುವುದು ಅಲ್ಲಿಯೇ. ಜೊತೆಗೆ ರಬ್ಬರಿನ ಚೂರೂ ಕಿತ್ತುಹೋಗುತ್ತದೆ. ಗಟ್ಟಿ ರಬ್ಬರು ಕಲ್ಲಿನ ನೆತ್ತಿಗಳ ಮೇಲೆಯೇ ಜಾರುತ್ತದೆ. 1,400 ಕಿಲೋಗೂ ಹೆಚ್ಚು ತೂಕದ ಕಾರು ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ತಿರುಗುವಾಗ ನೆಲಕ್ಕೆ ತಾಗಿರುವುದು ಒಂದೊಂದು ಚಕ್ರದಲ್ಲಿ ಒಂದೊಂದು ಅಂಗೈಯಷ್ಟು ಜಾಗ ಮಾತ್ರ. ಜಿಟಿ3ಯ ಎಂಜಿನ್ ಹಿಂದೆ, ಎಳೆಯುವ ಚಕ್ರವೂ ಹಿಂದೆ. ತಿರುವಿನಲ್ಲಿ ಚೆನ್ನಾಗಿ ಊರಲಿ ಎಂದು ಚಕ್ರಗಳನ್ನು ತುಸು ಒಳಕ್ಕೆ ವಾಲಿಸಿರುತ್ತಾರೆ. ಒಳ ಅಂಚು ಮೊದಲು ಬೋಳಾಗುವುದು ಅದಕ್ಕೇ.

ಹಾಗೆಂದು ಹಿಡಿತ ಬೇಕಾದರೆ ಆಯಸ್ಸು ಕೊಡಲೇಬೇಕು ಎಂಬುದು ಬ್ರಹ್ಮಲಿಖಿತವೇನಲ್ಲ. ಟೈರು ಮಾಡುವವರು ಮೂರು ಮೂಲೆಯ ಜಗಳ ಎನ್ನುತ್ತಾರೆ: ಸವೆತ, ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ಪ್ರತಿರೋಧ. ಒಂದನ್ನು ಎಳೆದರೆ ಇನ್ನೊಂದು ಸಡಿಲ. 1990ರ ದಶಕದಲ್ಲಿ ರಬ್ಬರಿಗೆ ಇದ್ದಿಲಿನ ಕಪ್ಪಿನ ಬದಲು ಸಿಲಿಕಾ ಬೆರೆಸಲು ಕಲಿತ ಮೇಲೆ ಮೂರೂ ಮೂಲೆ ಸ್ವಲ್ಪ ಸ್ವಲ್ಪ ಹಿಗ್ಗಿದವು. ಅಂದರೆ ಇದು ವಿಧಿಯಲ್ಲ, ಚೌಕಾಸಿ. ಚೌಕಾಸಿ ಎಂದ ಮೇಲೆ ಯಾರು ಏನು ಕೊಟ್ಟರು, ಯಾರು ಏನು ಪಡೆದರು ಎಂದು ಕೇಳಬಹುದು.

ಚೌಕಾಸಿಯ ತುತ್ತತುದಿಗೆ ಒಂದು ಉದಾಹರಣೆ ಇದೆ. 2005ರಲ್ಲಿ ಗಂಟೆಗೆ 400 ಕಿಲೋಮೀಟರ್ ದಾಟಿದ ಬುಗಾಟಿ ವೇರಾನ್. ಅದನ್ನು ಪೂರ್ತಿ ವೇಗದಲ್ಲಿ ಓಡಿಸುತ್ತಲೇ ಹೋದರೆ ಟೈರುಗಳು ಸುಮಾರು 15 ನಿಮಿಷ ಬಾಳುತ್ತವೆ ಎಂಬ ಮಾತಿತ್ತು. ಆದರೆ ಚಿಂತೆಯಿಲ್ಲ, 100 ಲೀಟರ್ ಟ್ಯಾಂಕು 12 ನಿಮಿಷಕ್ಕೇ ಖಾಲಿಯಾಗುತ್ತದೆ! ಇದನ್ನು ಕೇಳಿದವರೆಲ್ಲ ನಗುತ್ತಾರೆ, ನಾನೂ ನಕ್ಕಿದ್ದೆ. ನಗು ಮುಗಿದ ಮೇಲೆ ಅಪ್ಪನ ಪದ ನೆನಪಾಗುತ್ತದೆ.

ಜಿಟಿ3ಯ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಶ್ರೀಮಂತರ ಠೀವಿ ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆ ಮಾರಿ ಸಣ್ಣ ಫ್ಲಾಟಿಗೆ ಹೋಗಿ ಈ ಕಾರು ಕೊಂಡಿದ್ದರಂತೆ. ನ್ಯೂರ್‌ಬರ್ಗ್‌ರಿಂಗ್‌ನ ಹಳೆಯ 20.8 ಕಿಲೋಮೀಟರ್ ಸುತ್ತನ್ನು ಕೆಲವು ದಿನ ಸಾರ್ವಜನಿಕರಿಗೂ ಬಿಡುತ್ತಾರೆ, ಸುತ್ತಿಗಿಷ್ಟು ಎಂದು ದುಡ್ಡು. ಇವರು ಅಲ್ಲಿಗೆ ಹೋಗುತ್ತಿದ್ದರು. ನನ್ನ ಹರಕು ಜರ್ಮನ್‌ನಲ್ಲಿ, ಇನ್ನೂ ಗಟ್ಟಿ ಟೈರು ಹಾಕಿದರೆ ಮೂರರಷ್ಟು ಬರುತ್ತಲ್ಲ ಎಂದೆ. ಅಪ್ಪನ ಮಗನಲ್ಲವೇ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಟೈರನ್ನು ಉಳಿಸಿ ಯಾರಿಗೆ ಬಿಟ್ಟುಹೋಗಲಿ ಎಂದು ಕೇಳಿದರು, ನಿಜವಾಗಿಯೂ ಉತ್ತರ ಬೇಕೆಂಬಂತೆ. ನನ್ನ ಬಳಿ ಉತ್ತರವಿರಲಿಲ್ಲ. ಗಾಳಿ ತುಂಬಿ ಕೊಟ್ಟೆ. ತಣ್ಣಗಿರುವಾಗ ಈ ಟೈರು ಹಿಡಿಯುವುದಿಲ್ಲ, ಮೊದಲ ಹತ್ತು ಕಿಲೋಮೀಟರ್ ನಿಧಾನ ಎಂದೆ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಉಳಿಸುವುದರ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು. 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ಮತ್ತು ಅವರ ಗೆಳೆಯ ತೀರಿಕೊಂಡ ಅಪಘಾತ ನಿಮಗೆ ನೆನಪಿರಬಹುದು. 2005ರ ಪೋರ್ಷೆ ಕರೇರಾ ಜಿಟಿ ಕಾರು, ಓಡಿಸುತ್ತಿದ್ದದ್ದು ಗೆಳೆಯ. ಗಂಟೆಗೆ 45 ಮೈಲಿಯ ಮಿತಿ ಇದ್ದ ರಸ್ತೆಯಲ್ಲಿ ಅದು 80ರಿಂದ 93 ಮೈಲಿ ವೇಗದಲ್ಲಿತ್ತು. ಕಾರಣ ವೇಗ ಎಂದೇ ತನಿಖೆ ಹೇಳಿತು. ಆದರೆ ಅದರ ಜೊತೆ ಇನ್ನೊಂದು ಮಾತು ಇತ್ತು: ಟೈರುಗಳಿಗೆ ಒಂಬತ್ತು ವರ್ಷ ಆಗಿತ್ತು, ಅದರಿಂದ ಕಾರಿನ ನಿಯಂತ್ರಣ ಕೆಟ್ಟಿರಬಹುದು. ರಬ್ಬರು ಓಡಿದರೆ ಮಾತ್ರ ಸವೆಯುವುದಲ್ಲ. ಸುಮ್ಮನೆ ನಿಂತರೂ ಗಾಳಿ ಬೆಳಕು ಬಿಸಿಗೆ ಗಡಸಾಗುತ್ತದೆ. ಗೀರುಗಳು ಆಳವಾಗಿಯೇ ಇರುತ್ತವೆ, ಕಣ್ಣಿಗೆ ಹೊಸದೇ. ಹಿಡಿಯುವ ಗುಣ ಮಾತ್ರ ಹೋಗಿರುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುವುದು ಇದಕ್ಕೇ: 3514 ಎಂದಿದ್ದರೆ 2014ರ ಮೂವತ್ತೈದನೇ ವಾರ ಹುಟ್ಟಿದ್ದು. ಹೊರಗೆ ಕಡಿಮೆ ತೆಗೆದು, ಜೋಪಾನವಾಗಿ ಇಟ್ಟ ಕಾರುಗಳೇ ಈ ವಿಷಯದಲ್ಲಿ ಹೆಚ್ಚು ಅಪಾಯಕಾರಿ. ನಮ್ಮ ಅಂಗಡಿಯಲ್ಲಿ ಇದನ್ನು ಯಜಮಾನರಿಗೆ ಒಪ್ಪಿಸುವುದು ಬಹಳ ಕಷ್ಟವಾಗುತ್ತಿತ್ತು. ಸವೆದೇ ಇಲ್ಲವಲ್ಲ, ಯಾಕೆ ಎಸೆಯಬೇಕು?

ಇದೇ ಪ್ರಶ್ನೆಯನ್ನು ನಾನು ಮೊದಲು ಕೇಳಿಸಿಕೊಂಡದ್ದು ಶಿರಾದಲ್ಲಿ. ನಾನಾಗ ಪ್ರೈಮರಿ ಶಾಲೆ. ನಮ್ಮ ಅಂಗಡಿಯ ಖಾಯಂ ಗಿರಾಕಿ ಒಬ್ಬ ಲಾರಿ ಯಜಮಾನ ಮುಂದಿನ ಟೈರು ತಂದ. ಗೀರು ಬೇಕಾದಷ್ಟಿತ್ತು, ಬದಿಯಲ್ಲಿ ಮಾತ್ರ ಕಲ್ಲು ಹೊಡೆದು ಸೀಳಿತ್ತು. ಬದಿ ಸೀಳಿದರೆ ರಿಪೇರಿ ಇಲ್ಲ, ಅಪ್ಪನಿಗೆ ಅದು ಗೊತ್ತು. ಆದರೆ ಆತನ ಕಂತು ಬಾಕಿ ಇತ್ತು, ಹೊಸ ಟೈರಿಗೆ ದುಡ್ಡಿರಲಿಲ್ಲ, ಊರು ಸೇರುವವರೆಗೆ ಸಾಕು ಎಂದ. ಅಪ್ಪ ಒಳಗಿನಿಂದ ದಪ್ಪ ತೇಪೆ ಹಾಕಿ ಕೊಟ್ಟರು. ಊರು ಸೇರಿತು. ಚೆನ್ನಾಗಿಯೇ ಇದೆಯಲ್ಲ ಎಂದು ಅದನ್ನೇ ಓಡಿಸಿದರು. ಎರಡು ತಿಂಗಳ ಮೇಲೆ ಅದು ಒಡೆದು ಲಾರಿ ಹಳ್ಳಕ್ಕೆ ಇಳಿಯಿತು, ಹದಿನಾರು ವರ್ಷದ ಕ್ಲೀನರ್ ಹುಡುಗ ಹೋದ. ಅಪ್ಪನನ್ನು ಯಾರೂ ಏನೂ ಕೇಳಲಿಲ್ಲ. ಚಾಲಕನ ಅಜಾಗರೂಕತೆ ಎಂದು ಬರೆದುಕೊಂಡರು.

ಅಪ್ಪ ಇದರ ಬಗ್ಗೆ ಮಾತಾಡಿದ್ದು ನನಗೆ ನೆನಪಿಲ್ಲ. ನೆನಪಿರುವುದು ಒಂದು ದಬ್ಬಣ. ಆಮೇಲಿನ ದಿನಗಳಲ್ಲಿ ಯಾವುದಾದರೂ ಟೈರು ಇನ್ನು ಆಗದು ಎಂದು ತೀರ್ಮಾನಿಸಿದರೆ, ಅದನ್ನು ನೆಲಕ್ಕೆ ಕೆಡವಿ ಬದಿಗೆ ದಬ್ಬಣ ಹೊಡೆದು ಸುತ್ತಿಗೆಯಿಂದ ಬಡಿಯುತ್ತಿದ್ದರು, ಮೂರು ಕಡೆ. ಮತ್ತೆ ಯಾರೂ ಎತ್ತಿಕೊಂಡು ಹೋಗಿ ತೇಪೆ ಹಾಕಿಸಬಾರದು ಎಂದು. ಅನ್ನ ಚೆಲ್ಲಬಾರದು ಎನ್ನುತ್ತಿದ್ದ ಮನುಷ್ಯ ಅದು. ಸ್ಟುಟ್‌ಗಾರ್ಟ್‌ನಲ್ಲಿ ಬಿಚ್ಚಿದ ಟೈರುಗಳ ರಾಶಿಯಲ್ಲಿ ಸ್ವಲ್ಪ ಗೀರು ಉಳಿದವನ್ನು ಬೇರೆ ಇಡುತ್ತಿದ್ದರು, ಅವು ಹಡಗು ಹತ್ತಿ ಆಫ್ರಿಕಾದ ಮಾರುಕಟ್ಟೆಗೆ ಹೋಗುತ್ತವೆ ಎಂದು ಜೊತೆಯವನು ಹೇಳಿದಾಗ ನನಗೆ ಆ ದಬ್ಬಣದ ಸದ್ದು ಕೇಳಿಸಿತ್ತು. ಅಲ್ಲಿ ಅದನ್ನು ಕೊಳ್ಳುವವನೂ ಊರು ಸೇರುವವರೆಗೆ ಸಾಕು ಎನ್ನುವವನೇ ಇರಬೇಕು.

ಬಾಳಿಕೆಯನ್ನೇ ಸದ್ಗುಣ ಎಂದುಕೊಂಡರೆ ಹೀಗಾಗುತ್ತದೆ. ಸವೆತವನ್ನು ಸದ್ಗುಣ ಎನ್ನೋಣವೇ? ನಮ್ಮ ಭಾಷೆಗೆ ಅದು ಬಲು ಇಷ್ಟ. ಜೀವ ತೇಯ್ದು ಮಕ್ಕಳನ್ನು ಸಾಕಿದಳು ಎನ್ನುತ್ತೇವೆ, ಗಂಧದ ಕೊರಡಿನ ಹಾಗೆ ಎನ್ನುತ್ತೇವೆ. ನನಗೆ ಈ ಹೊಗಳಿಕೆಯ ಮೇಲೆ ಅನುಮಾನ. ತೇಯ್ದವರು ಯಾರು, ಪರಿಮಳ ಯಾರಿಗೆ ಹೋಯಿತು ಎಂದು ಅದರಲ್ಲಿ ಯಾರೂ ಕೇಳುವುದಿಲ್ಲ. ಜಿಟಿ3ಯ ಯಜಮಾನರು ಸವೆಸಿದ್ದು ತಮ್ಮ ದುಡ್ಡನ್ನು, ತಮ್ಮ ಸಂತೋಷಕ್ಕೆ. ಅವರ ಪ್ರಶ್ನೆಯ ಮುಂದೆ ನಾನು ತೆಪ್ಪಗಾದದ್ದು ಅದಕ್ಕೇ. ಆದರೆ ಅವರೊಬ್ಬರೇ ಕೊಟ್ಟರೇ ಎಂಬುದು ಬೇರೆ ಮಾತು.

ಒಂದು ಕಾರಿನ ಟೈರು ಸವೆದು ಮುಗಿಯುವ ಹೊತ್ತಿಗೆ ಒಂದು ಕಿಲೋಗೂ ಹೆಚ್ಚು ರಬ್ಬರು ಹೋಗಿರುತ್ತದೆ. ಹೋಗಿರುತ್ತದೆ ಎಂದರೆ ಎಲ್ಲಿಗೆ? ಟೈರಿನ ಮನೆಯಲ್ಲಿ ಹುಟ್ಟಿಯೂ ನಾನು ಇದನ್ನು ಯೋಚಿಸಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು. ಹಳೆಯ ಪದರ ಉಜ್ಜುವ ಯಂತ್ರದಿಂದ ಕರೀ ಪುಡಿ ಹಾರುತ್ತಿತ್ತು. ಸಂಜೆ ಅದನ್ನು ಗುಡಿಸುವುದು ಅವಳ ಕೆಲಸ. ಮೂಗಿಗೆ ಸೆರಗು ಕಟ್ಟಿಕೊಂಡು ಗುಡಿಸಿ, ಹಿಂದಿನ ಚರಂಡಿಯ ಪಕ್ಕ ಸುರಿಯುತ್ತಿದ್ದಳು. ಮಳೆ ಬಂದರೆ ಅದು ಕೆರೆಗೆ ಹೋಗುತ್ತಿತ್ತು.

2020ರ ಡಿಸೆಂಬರ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಓದಿದಾಗ ನನಗೆ ನೆನಪಾದದ್ದು ಆ ಚರಂಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಸುತ್ತಮುತ್ತ, ಸಮುದ್ರದಿಂದ ಮೊಟ್ಟೆಯಿಡಲು ತೊರೆಗಳಿಗೆ ಮರಳುವ ಕೋಹೊ ಸಾಲ್ಮನ್ ಮೀನುಗಳು ಮಳೆ ಬಂದ ಮೇಲೆ ಗುಂಪಾಗಿ ಸಾಯುತ್ತಿದ್ದವು. ಮೊಟ್ಟೆ ಹೊಟ್ಟೆಯಲ್ಲೇ ಇರುತ್ತಿತ್ತು. ಬಹಳ ವರ್ಷ ಕಾರಣ ಸಿಕ್ಕಿರಲಿಲ್ಲ. ಕೊನೆಗೆ ಸಿಕ್ಕಿದ್ದು ಟೈರಿನ ಪುಡಿಯಲ್ಲಿ. ಟೈರುಗಳಲ್ಲಿ 6ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ಅದು ಓಜೋನ್ ಜೊತೆ ಸೇರಿ ಇನ್ನೊಂದು ವಸ್ತುವಾಗುತ್ತದೆ, ಮಳೆನೀರಿನ ಜೊತೆ ತೊರೆಗೆ ಇಳಿಯುತ್ತದೆ, ಕೋಹೊ ಮೀನು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ.

6ಪಿಪಿಡಿಯನ್ನು ಟೈರಿಗೆ ಯಾಕೆ ಹಾಕುತ್ತಾರೆ ಗೊತ್ತೇ? ಟೈರು ಬಹಳ ಕಾಲ ಬಾಳಲಿ ಎಂದು. ಗಾಳಿಯ ಓಜೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ. ಈ ರಾಸಾಯನಿಕ ಮುಂದೆ ನಿಂತು ಆ ಏಟನ್ನು ತಾನು ತಿನ್ನುತ್ತದೆ. ಜಿಟಿ3ಯ ಟೈರಿಗಿಂತ ಹೆಚ್ಚಾಗಿ ಅಪ್ಪ ಮೆಚ್ಚುವಂಥ, ಐವತ್ತು ಸಾವಿರ ಓಡುವ, ಮನೆಮಂದಿಯ ಕಾರಿನ ಟೈರುಗಳೇ ಸಿಯಾಟಲ್‌ನ ರಸ್ತೆಗಳಲ್ಲಿ ಇರುವುದು. ಅಲ್ಲಿಯವರೆಗೆ ನಾನು ಮನಸ್ಸಿನಲ್ಲಿ ಎರಡು ಪಂಗಡ ಮಾಡಿಕೊಂಡಿದ್ದೆ, ಬೇಗ ಸವೆಸುವವರು ಮತ್ತು ಉಳಿಸುವವರು. ಒಮ್ಮೆ ಈ ಕಡೆ ವಾಲುತ್ತಿದ್ದೆ, ಒಮ್ಮೆ ಆ ಕಡೆ. ತೊರೆಯ ಮೀನಿಗೆ ಈ ವಿಂಗಡಣೆಯೇ ಗೊತ್ತಿಲ್ಲ. ವೇಗವಾಗಿ ಓಡಿದವನ ಪುಡಿಯೂ ನಿಧಾನವಾಗಿ ಓಡಿದವನ ಪುಡಿಯೂ ಒಂದೇ ಚರಂಡಿಗೆ ಇಳಿದಿದ್ದವು. ಎಷ್ಟು ಕಿಲೋಮೀಟರ್ ಬಂತು ಎಂಬ ನಮ್ಮ ಮನೆಯ ಪ್ರಶ್ನೆಯಲ್ಲಿ ಬರುವುದರ ಲೆಕ್ಕ ಮಾತ್ರ ಇತ್ತು, ಹೋಗುವುದರ ಲೆಕ್ಕವನ್ನು ಅಮ್ಮನ ಪೊರಕೆಗೆ ಬಿಟ್ಟಿದ್ದೆವು.

ಇದನ್ನು ಅಪ್ಪನಿಗೆ ಹೇಳಿದೆ. ಆ ಹೊತ್ತಿಗೆ ನಾನು ಊರಿಗೆ ಮರಳಿದ್ದೆ, ಅಂಗಡಿ ಮುಚ್ಚಿತ್ತು. ಜಗಲಿಯಲ್ಲಿ ಕೂತು ಪೂರ್ತಿ ಕೇಳಿಸಿಕೊಂಡರು.

"ನಮ್ಮ ಕೆರೆ ಮೀನು?" ಎಂದರು.

ಎಲ್ಲ ಜಾತಿಯ ಮೀನಿಗೂ ಹಾಗಾಗುವುದಿಲ್ಲವಂತೆ, ಅಲ್ಲಿಯೇ ಅದೇ ನೀರಿನಲ್ಲಿ ಇನ್ನೊಂದು ಜಾತಿಯ ಸಾಲ್ಮನ್ ಬದುಕುತ್ತದಂತೆ ಎಂದೆ. ಒಳಗಿನಿಂದ ಅಮ್ಮ ಕೆಮ್ಮಿದಳು. ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಹೇಳುವ ಅಧಿಕಾರ ನನಗಿಲ್ಲ, ಅವಳ ವಯಸ್ಸಿನಲ್ಲಿ ಎಲ್ಲರೂ ಕೆಮ್ಮುತ್ತಾರೆ. ಆದರೆ ಅಪ್ಪನೂ ನಾನೂ ಒಟ್ಟಿಗೆ ಒಳಗೆ ತಿರುಗಿ ನೋಡಿದ್ದು ನಿಜ.

ಈಚೆಗೆ ನನ್ನ ಹಳೆಯ ಮಾರುತಿಯ ಟೈರುಗಳನ್ನು ಅಪ್ಪ ನೋಡಿದರು. ಕೂರಲು ಈಗ ಕಷ್ಟ, ಗೋಡೆ ಹಿಡಿದುಕೊಂಡು ಬಗ್ಗಿದರು. ನಾಲ್ಕು ಅಂಕಿ ಓದಿಸಿದರು: ಆರು ವರ್ಷ ತುಂಬುತ್ತಾ ಬಂದಿದೆ. ಎಷ್ಟು ಬಂತು ಎಂದು ಕೇಳಿದರು. ಇಪ್ಪತ್ತೆರಡು ಸಾವಿರ ಎಂದೆ. ಗೀರಿನ ಆಳ ಚೆನ್ನಾಗಿದೆ, ಕಾನೂನಿನ 1.6 ಮಿಲಿಮೀಟರಿಗೆ ಇನ್ನೂ ಬಹಳ ದೂರವಿದೆ. ಹೆಬ್ಬೆರಳ ಉಗುರಿನಿಂದ ರಬ್ಬರನ್ನು ಒತ್ತಿದರು, ಉಗುರು ಇಳಿಯಲಿಲ್ಲ. ಬದಿಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು, ಅವುಗಳ ಮೇಲೆ ಬೆರಳಾಡಿಸಿದರು.

"ಇಟ್ರೆ ಇನ್ನೂ ಇಪ್ಪತ್ ಸಾವ್ರ ಬರುತ್ತೆ" ಎಂದರು. ಸ್ವಲ್ಪ ತಡೆದು, "ದಬ್ಬಣ ಎಲ್ಲಿದೆ ನೋಡು" ಎಂದರು.

ಹುಡುಕಿದೆ. ಅಟ್ಟದ ಮೇಲೆ ಗೋಣಿಚೀಲದಲ್ಲಿತ್ತು. ತಂದು ಜಗಲಿಯ ಮೇಲಿಟ್ಟಿದ್ದೇನೆ. ಮುಂಗಾರಿಗೆ ಇನ್ನೂ ಮೂರು ವಾರವಿದೆ.